ಆಕ್ಸಿಡೈಸ್ಡ್ ಸ್ಟಾರ್ಚಿನ ವಿಸ್ಕಾಸಿಟಿ ತಪ್ಪಿದಾಗ: ಕ್ಲೋರಿನ್ ಲೆಕ್ಕ ಹಿಡಿದು ದೋಷ ಹುಡುಕುವ ಕ್ರಮ

ಮೆಕ್ಕೆಜೋಳದ ಸ್ಟಾರ್ಚಿಗೆ ಸೋಡಿಯಂ ಹೈಪೊಕ್ಲೋರೈಟ್ (ನಮ್ಮ ಬಾಯಲ್ಲಿ ‘ಹೈಪೊ’) ಕೊಟ್ಟು ಆಕ್ಸಿಡೈಸ್ ಮಾಡಿ ಕಾಗದದ ಮಿಲ್ಲಿಗೋ ಬಟ್ಟೆ ಮಿಲ್ಲಿಗೋ ಕಳಿಸುವ ಕಾರ್ಖಾನೆಗಳಲ್ಲಿ ಲ್ಯಾಬಿನಿಂದ ಪದೇ ಪದೇ ಬರುವ ದೂರು ಒಂದೇ: ‘ವಿಸ್ಕಾಸಿಟಿ ಔಟ್’. ಗಂಜಿ ಬೇಕಾದದ್ದಕ್ಕಿಂತ ದಪ್ಪ, ಇಲ್ಲವೇ ತೀರಾ ನೀರು. ದಪ್ಪ ಬಂತೆಂದರೆ ಮುಂದಿನ ಬ್ಯಾಚಿಗೆ ನೂರು ಲೀಟರ್ ಹೈಪೊ ಜಾಸ್ತಿ, ತೆಳು ಬಂತೆಂದರೆ ನೂರು ಲೀಟರ್ ಕಡಿಮೆ. ಎಷ್ಟೋ ಕಡೆ ಈ ಅಭ್ಯಾಸ ಬೇರೂರಿಬಿಟ್ಟಿದೆ. ಒಂದೆರಡು ಬ್ಯಾಚ್ ಸರಿಹೋದಂತೆ ಕಾಣುತ್ತದೆ. ಆಮೇಲೆ ಹೊಸ ಹೈಪೊ ಟ್ಯಾಂಕರ್ ಬರುತ್ತದೆ, ಹೆಚ್ಚಿಸಿದ ಡೋಸ್ ಹಾಗೇ ಉಳಿದಿರುತ್ತದೆ, ಗಂಜಿ ಈ ಸಲ ನೀರಾಗುತ್ತದೆ.

ಹೈಪೊವಿನ ಬಲವನ್ನು ಅದರಿಂದ ಕೆಲಸಕ್ಕೆ ಸಿಗುವ ಕ್ಲೋರಿನ್ ಲೆಕ್ಕದಲ್ಲಿ ಅಳೆಯುತ್ತೇವೆ. ಡೋಸ್ ಮುಟ್ಟುವ ಮುಂಚೆ, ಕೊಟ್ಟ ಕ್ಲೋರಿನ್ ಎಲ್ಲಿ ಹೋಯಿತು ಎಂಬ ಲೆಕ್ಕ ಕೈಯಲ್ಲಿರಬೇಕು. ಸ್ಟಾರ್ಚನ್ನು ಮುಟ್ಟಿತೇ, ಬೇರೇನನ್ನೋ ಮುಟ್ಟಿ ಮುಗಿಯಿತೇ, ಕೆಲಸ ಮಾಡದೆ ಹಾಗೇ ಉಳಿಯಿತೇ, ಅಥವಾ ನಾವು ಕೊಟ್ಟೆವೆಂದುಕೊಂಡಷ್ಟು ಕೊಟ್ಟೇ ಇರಲಿಲ್ಲವೇ? ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಸೀಮೆಯಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರುವ ಕೆಮಿಸ್ಟುಗಳು, ಶಿಫ್ಟ್ ಆಪರೇಟರುಗಳು ಕೈಗೆತ್ತಿಕೊಳ್ಳಬಹುದಾದ ರೀತಿಯಲ್ಲಿ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಪ್ರಕ್ರಿಯೆಯ ಪರಿಚಯ ನಾಲ್ಕು ಸಾಲಿನಲ್ಲಿ. ಮೆಕ್ಕೆಜೋಳದ ಸ್ಟಾರ್ಚ್ ಕಣ 5ರಿಂದ 25 ಮೈಕ್ರಾನ್ ಗಾತ್ರದ್ದು. ಒಳಗೆ ಕಾಲುಭಾಗದಷ್ಟು ಅಮೈಲೋಸ್ (ನೇರ ಸರಪಳಿ), ಉಳಿದದ್ದು ಅಮೈಲೊಪೆಕ್ಟಿನ್ (ಕವಲೊಡೆದ ಸರಪಳಿ). ಶೇ. 35ರಿಂದ 40 ಸ್ಟಾರ್ಚ್ ಇರುವ ಸ್ಲರಿಗೆ (ನೀರಿನಲ್ಲಿ ಕದಡಿದ ಸ್ಟಾರ್ಚಿಗೆ) 35–40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 8ರಿಂದ 10ರ ನಡುವೆ, ಹೈಪೊವನ್ನು ನಿಧಾನವಾಗಿ ಬಿಡುತ್ತಾರೆ. ಕಣ ಒಡೆಯುವುದಿಲ್ಲ, ಬೇಯುವುದಿಲ್ಲ. ಆದರೆ ಒಳಗಿನ ಸರಪಳಿಗಳು ತುಂಡಾಗುತ್ತವೆ, ಹಾಗಾಗಿ ಬೇಯಿಸಿದಾಗ ಗಂಜಿ ತೆಳುವಾಗುತ್ತದೆ. ಜೊತೆಗೆ ಸರಪಳಿಗಳ ಮೇಲೆ ಕಾರ್ಬಾಕ್ಸಿಲ್ ಗುಂಪುಗಳು ಕೂರುತ್ತವೆ, ಅದರಿಂದ ಗಂಜಿ ಆರಿದರೂ ಬೇಗ ಮೊಸರುಗಟ್ಟುವುದಿಲ್ಲ. ಕೊನೆಗೆ ಸೋಡಿಯಂ ಮೆಟಾಬೈಸಲ್ಫೈಟ್ (‘ಮೆಟಾ’) ಕೊಟ್ಟು ಮಿಕ್ಕ ಕ್ಲೋರಿನ್ನನ್ನು ಕೊಂದು, ಪಿಎಚ್ 6ರ ಆಸುಪಾಸಿಗೆ ತಂದು, ತೊಳೆದು, ಒಣಗಿಸುತ್ತಾರೆ.

ಮೊದಲು ಅಳತೆಯನ್ನೇ ಅನುಮಾನಿಸಿ

ವಿಸ್ಕಾಸಿಟಿ ಔಟ್ ಎಂಬ ಚೀಟಿ ಬಂದಾಗ ರಿಯಾಕ್ಟರ್ ಕಡೆ ಓಡಬೇಡಿ. ಅದೇ ಸ್ಯಾಂಪಲನ್ನು ಇನ್ನೊಮ್ಮೆ, ಸಾಧ್ಯವಾದರೆ ಇನ್ನೊಬ್ಬರ ಕೈಯಲ್ಲಿ ಬೇಯಿಸಿ ನೋಡಿ. ಹಿಂದೆ ಪಾಸಾದ ಒಂದು ಬ್ಯಾಚಿನ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಂಡು, ಅದನ್ನೂ ಪಕ್ಕದ ಬೀಕರಿನಲ್ಲಿ ಬೇಯಿಸಿ. ಹಳೆಯ ಪಾಸಾದ ಪುಡಿಯೂ ಇವತ್ತು ಫೇಲ್ ಎಂದು ತೋರಿದರೆ ತಪ್ಪು ಲ್ಯಾಬಿನಲ್ಲಿದೆ, ರಿಯಾಕ್ಟರಿನಲ್ಲಲ್ಲ.

ಲ್ಯಾಬಿನಲ್ಲಿ ಜಾರುವ ಜಾಗಗಳು ಗೊತ್ತಿರುವಂಥವೇ. ಗಂಜಿಯನ್ನು ಒಣ ತೂಕದ ಲೆಕ್ಕದಲ್ಲಿ ಮಾಡಬೇಕು. ತೇವಾಂಶ ಶೇ. 10 ಇದ್ದರೆ 100 ಗ್ರಾಂ ಒಣ ಸ್ಟಾರ್ಚಿಗೆ 111 ಗ್ರಾಂ ಪುಡಿ ಬೇಕು, ಶೇ. 12.5 ಇದ್ದರೆ 114 ಗ್ರಾಂ ಬೇಕು. ಎರಡಕ್ಕೂ ಒಂದೇ ತೂಕ ಹಾಕಿದರೆ ಗಂಜಿಯಲ್ಲಿನ ಘನಾಂಶ ಶೇ. 3ರಷ್ಟು ಬದಲಾಗುತ್ತದೆ. ವಿಸ್ಕಾಸಿಟಿ ಅದಕ್ಕಿಂತ ಎಷ್ಟೋ ಹೆಚ್ಚು ಪಟ್ಟು ಬದಲಾಗುತ್ತದೆ. 95 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸುವಾಗ ಆವಿಯಾಗಿ ಹೋದ ನೀರನ್ನು ತೂಕ ನೋಡಿ ಮತ್ತೆ ತುಂಬಬೇಕು. ಇದನ್ನು ರಾತ್ರಿ ಪಾಳಿಯಲ್ಲಿ ಬಿಡುವವರು ಬಹಳ. ಬಿಟ್ಟರೆ ಗಂಜಿ ಯಾವಾಗಲೂ ದಪ್ಪದ ಕಡೆಗೇ ತಪ್ಪುತ್ತದೆ. ಗಂಜಿಯಲ್ಲಿ ಸ್ಪಿಂಡಲ್ ತಿರುಗಿಸಿ ಅಳೆಯುವ ಬ್ರೂಕ್‌ಫೀಲ್ಡ್ ಮೀಟರ್ ಆದರೆ ಸ್ಪಿಂಡಲ್ ಸಂಖ್ಯೆ, ಆರ್‌ಪಿಎಂ, ಗಂಜಿಯ ಉಷ್ಣತೆ ಮೂರೂ ಬರೆಯದ ರೀಡಿಂಗಿಗೆ ಅರ್ಥವಿಲ್ಲ, ಏಕೆಂದರೆ ತಿರುಗುವ ವೇಗ ಬದಲಾದರೆ ಗಂಜಿ ತೋರಿಸುವ ವಿಸ್ಕಾಸಿಟಿಯೂ ಬದಲಾಗುತ್ತದೆ. ಗಂಜಿ ತೂತಿನಿಂದ ಇಳಿಯುವ ಸಮಯ ನೋಡುವ ಕಪ್ ಬಳಸುವವರು ಕೆಳಗಿನ ತೂತನ್ನು ಬೆಳಕಿಗೆ ಹಿಡಿದು ನೋಡಿ; ಹಿಂದಿನ ಗಂಜಿಯ ಒಣಗಿದ ಪೊರೆ ಅಂಚಿಗೆ ಕೂತಿದ್ದರೆ ಕೆಲವು ಸೆಕೆಂಡು ಅದೇ ತಿಂದುಬಿಡುತ್ತದೆ.

ಮೂರು ಕಡೆಯ ಗಂಜಿ

ಅಳತೆ ಸರಿ ಎಂದು ಖಾತ್ರಿಯಾದ ಮೇಲೆ ದೋಷ ಯಾವ ಹಂತದಲ್ಲಿ ಹುಟ್ಟಿತು ಎಂದು ಕಡಿದು ನೋಡಬೇಕು. ಒಂದೇ ಬ್ಯಾಚಿನ ಮೂರು ಸ್ಯಾಂಪಲ್ ಬೇಕು: ಮೆಟಾ ಕೊಟ್ಟ ಮೇಲೆ ರಿಯಾಕ್ಟರಿನಿಂದ ತೆಗೆದದ್ದು, ಸೆಂಟ್ರಿಫ್ಯೂಜಿನಿಂದ ಬಿದ್ದ ಒದ್ದೆ ಕೇಕ್, ಡ್ರೈಯರ್ ದಾಟಿದ ಪುಡಿ. ಮೂರನ್ನೂ ಒಂದೇ ಒಣ ತೂಕಕ್ಕೆ, ಒಂದೇ ಡಿಸ್ಟಿಲ್ಡ್ ನೀರಿನಲ್ಲಿ, ಒಂದೇ ಪಿಎಚ್‌ಗೆ ತಂದು ಬೇಯಿಸಿ. ರಿಯಾಕ್ಟರ್ ಸ್ಯಾಂಪಲನ್ನು ಮೊದಲು ಬುಕ್ನರ್ ಫನೆಲ್‌ನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಅದರಲ್ಲಿರುವ ಉಪ್ಪು ರೀಡಿಂಗ್ ಕೆಡಿಸುತ್ತದೆ.

ಮೂರೂ ಒಂದೇ ರೀತಿ ಔಟ್ ಆಗಿದ್ದರೆ ದೋಷ ರಿಯಾಕ್ಟರಿನಲ್ಲಿ ಅಥವಾ ಅದಕ್ಕಿಂತ ಹಿಂದೆ. ರಿಯಾಕ್ಟರಿನದೂ ಕೇಕಿನದೂ ಸರಿಯಿದ್ದು ಪುಡಿ ಮಾತ್ರ ತೆಳುವಾಗಿದ್ದರೆ ಕೇಕಿನ ಪಿಎಚ್ ನೋಡಿ. ಹುಳಿ ಕೇಕ್ ಬಿಸಿ ಗಾಳಿಗೆ ಹೋದರೆ ಆಸಿಡ್ ಅಲ್ಲೇ ಸರಪಳಿ ಕತ್ತರಿಸುತ್ತದೆ, ಚೀಲದೊಳಗೆ ಕೂತೂ ಕತ್ತರಿಸುತ್ತಿರುತ್ತದೆ. ಮೆಟಾ ಅತಿಯಾಗಿ ಕೊಟ್ಟು, ತೊಳೆಯುವುದನ್ನು ಕಡಿಮೆ ಮಾಡಿದ ಬ್ಯಾಚುಗಳಲ್ಲಿ ಇದು ಕಾಣುತ್ತದೆ. ಪುಡಿ ಮಾತ್ರ ದಪ್ಪ ಬಂದರೆ ಡ್ರೈಯರಿನಲ್ಲೋ ಸೈಲೋದಲ್ಲೋ ಹಿಂದಿನ ಸಾದಾ ಸ್ಟಾರ್ಚ್ ಉಳಿದು ಬೆರೆತಿದೆ. ಇದಕ್ಕೆ ಸೂಕ್ಷ್ಮದರ್ಶಕದ ಪರೀಕ್ಷೆ ಇದೆ, ಮುಂದೆ ಬರುತ್ತದೆ.

ಮೂರೂ ಒಂದೇ ರೀತಿ ತಪ್ಪಿದ್ದರೆ ಈಗ ಕ್ಲೋರಿನ್ ಲೆಕ್ಕಕ್ಕೆ ಬನ್ನಿ.

ಉಳಿದ ಕ್ಲೋರಿನ್ ಏನು ಹೇಳುತ್ತದೆ

ಹೈಪೊ ಬಿಡುವುದು ಮುಗಿದ ಕ್ಷಣದಿಂದ ಪ್ರತಿ ಅರ್ಧ ಗಂಟೆಗೆ ಸ್ವಲ್ಪ ಸ್ಲರಿ ತೆಗೆದು ಸೋಸಿ, ತಿಳಿಯಲ್ಲಿ ಉಳಿದ ಕ್ಲೋರಿನ್ನನ್ನು ಟೈಟ್ರೇಟ್ ಮಾಡಿ ಲಾಗ್‌ಶೀಟಿನಲ್ಲಿ ಬರೆಯಬೇಕು. ದಿನವೂ ಮಾಡುವ ಪದ್ಧತಿ ಇಲ್ಲದಿದ್ದರೂ ತೊಂದರೆ ಬಂದ ವಾರದಲ್ಲಿ ಇದನ್ನು ಬಿಡಕೂಡದು. ಆ ಒಂದು ಸಾಲಿನ ಅಂಕಿಗಳಷ್ಟು ನೇರವಾಗಿ ಮಾತಾಡುವುದು ಬೇರೆ ಯಾವುದೂ ಇಲ್ಲ.

ಗಂಜಿ ದಪ್ಪ, ಕೊನೆಯಲ್ಲಿ ಕ್ಲೋರಿನ್ ಬಹಳ ಉಳಿದಿದೆ: ಕೊಟ್ಟದ್ದು ಕೆಲಸ ಮಾಡಿಲ್ಲ. ಸ್ಲರಿ ತಣ್ಣಗಿದೆ, ಅಥವಾ ಪಿಎಚ್ ಮೇಲೆ ಹೋಗಿದೆ, ಅಥವಾ ಸಮಯ ಸಾಲುವ ಮುಂಚೆಯೇ ಮೆಟಾ ಕೊಟ್ಟಿದ್ದಾರೆ. ಇಂಥ ಬ್ಯಾಚಿಗೆ ಇನ್ನಷ್ಟು ಹೈಪೊ ಸುರಿಯುವುದು ಶುದ್ಧ ನಷ್ಟ.

ಗಂಜಿ ದಪ್ಪ, ಕ್ಲೋರಿನ್ ಪೂರ್ತಿ ಮುಗಿದಿದೆ: ಒಂದೋ ನೀವಂದುಕೊಂಡಷ್ಟು ಕೊಟ್ಟಿಲ್ಲ, ಇಲ್ಲವೇ ಪ್ರೋಟೀನ್, ಸಲ್ಫರ್ ಡೈಆಕ್ಸೈಡ್ ಮುಂತಾದವು ಪಾಲು ತಿಂದಿವೆ. ಮೊದಲ ಅರ್ಧ ಗಂಟೆಯಲ್ಲೇ ಅಂಕಿ ದಬಕ್ಕನೆ ಕುಸಿದು ಆಮೇಲೆ ನಿಧಾನವಾದರೆ ಎರಡನೆಯ ಕಾರಣದ ಕಡೆ ಅನುಮಾನ ಹೋಗಬೇಕು.

ಗಂಜಿ ತೆಳು, ಕ್ಲೋರಿನ್ ಬೇಗ ಮುಗಿದಿದೆ: ಪಿಎಚ್ 7ರ ಕಡೆ ಇಳಿದಿದೆ ಅಥವಾ ರಿಯಾಕ್ಟರ್ ಬಿಸಿಯಾಗಿದೆ. ಗಂಜಿ ತೆಳು, ಕ್ಲೋರಿನ್ನೂ ಉಳಿದಿದೆ: ಡೋಸ್ ನಿಜವಾಗಿಯೂ ಹೆಚ್ಚು ಬಿದ್ದಿದೆ, ಅಥವಾ ರಿಯಾಕ್ಟರಿನಲ್ಲಿ ಸ್ಟಾರ್ಚೇ ಕಡಿಮೆ ಇತ್ತು.

ಹೈಪೊ ಟ್ಯಾಂಕಿನ ಹತ್ತಿರ ಹೋಗಿ

ನನ್ನ ಅನುಭವದಲ್ಲಿ ವಿಸ್ಕಾಸಿಟಿ ದೂರುಗಳ ದೊಡ್ಡ ಪಾಲು ಇಲ್ಲೇ ಬಗೆಹರಿಯುತ್ತದೆ, ಆದರೆ ಕೊನೆಗೆ ನೋಡುವುದೂ ಇದನ್ನೇ. ಟ್ಯಾಂಕರ್ ಬಂದ ದಿನ ಟೆಸ್ಟ್ ಆಗುತ್ತದೆ, ಲೀಟರಿಗೆ 120 ಗ್ರಾಂ ಕ್ಲೋರಿನ್ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ, ಟ್ಯಾಂಕ್ ಖಾಲಿಯಾಗುವವರೆಗೆ ಅದೇ ಅಂಕಿ ನಡೆಯುತ್ತದೆ.

ಹೈಪೊ ಕೂತಲ್ಲೇ ಸಾಯುವ ವಸ್ತು. ತಾನೇ ತಾನಾಗಿ ಕ್ಲೋರೇಟ್ ಮತ್ತು ಉಪ್ಪಾಗಿ ಒಡೆಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಒಡೆತದ ವೇಗ ಮೂರು ಪಟ್ಟಿಗೂ ಮೀರುತ್ತದೆ. ಹೆಚ್ಚು ಗಟ್ಟಿ ಹೈಪೊ ಹೆಚ್ಚು ಬೇಗ ಒಡೆಯುತ್ತದೆ. ನಿಕ್ಕಲ್, ಕೋಬಾಲ್ಟ್, ತಾಮ್ರದ ಅಂಶ ಕೊಂಚ ಸೇರಿದರೂ ಆಮ್ಲಜನಕ ಬಿಡುತ್ತಾ ಒಡೆಯುತ್ತದೆ. ಪೈಪಿನಲ್ಲಿ ಸಣ್ಣ ಗುಳ್ಳೆ ಕಂಡರೆ, ಡೋಸಿಂಗ್ ಪಂಪ್ ಆಗಾಗ ಗಾಳಿ ಹಿಡಿದರೆ ಯಾವುದೋ ತಪ್ಪು ಲೋಹದ ವಾಲ್ವ್ ಲೈನಿನಲ್ಲಿ ಸೇರಿದೆಯೇ ಹುಡುಕಿ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಟ್ಯಾಂಕಿನ ಹೈಪೊ ಮೇಲೆ ಹೋದ ವಾರದ ಅಂಕಿ ಹಾಕಿ ಡೋಸ್ ಕಟ್ಟುವುದು ಕಣ್ಣುಮುಚ್ಚಿ ಅಳೆದಂತೆ.

ಲೆಕ್ಕ ಹಾಕಿ ನೋಡಿ. ಬ್ಯಾಚಿನಲ್ಲಿ 10 ಟನ್ ಒಣ ಸ್ಟಾರ್ಚ್ ಇದೆ, ಶೇ. 2 ಕ್ಲೋರಿನ್ ಬೇಕು, ಅಂದರೆ 200 ಕೆ.ಜಿ. ಲೀಟರಿಗೆ 120 ಗ್ರಾಂ ಎಂದು ನಂಬಿ 1,667 ಲೀಟರ್ ಬಿಡುತ್ತೀರಿ. ಟ್ಯಾಂಕಿನಲ್ಲಿರುವುದು ನಿಜವಾಗಿ 105 ಗ್ರಾಂ. ರಿಯಾಕ್ಟರಿಗೆ ಬಿದ್ದದ್ದು 175 ಕೆ.ಜಿ. ಕ್ಲೋರಿನ್, ಶೇ. 1.75 ಮಾತ್ರ. ಫ್ಲೋಮೀಟರ್ ಸರಿ, ಆಪರೇಟರ್ ಸರಿ, ಲಾಗ್‌ಶೀಟ್ ಸರಿ, ಗಂಜಿ ದಪ್ಪ.

ಟೈಟ್ರೇಶನ್ನಿಗೆ ಹತ್ತು ನಿಮಿಷ ಸಾಕು. 10 ಮಿ.ಲೀ. ಹೈಪೊವನ್ನು 250 ಮಿ.ಲೀ.ಗೆ ಏರಿಸಿ, ಅದರಲ್ಲಿ 10 ಮಿ.ಲೀ. ತೆಗೆದುಕೊಳ್ಳಿ. ಪೊಟ್ಯಾಸಿಯಂ ಅಯೊಡೈಡ್ ದ್ರಾವಣ, ಆಮೇಲೆ ಅಸಿಟಿಕ್ ಆಸಿಡ್ ಹಾಕಿ. ಫ್ಲಾಸ್ಕ್ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. 0.1 ನಾರ್ಮಲ್ ಥಯೋಸಲ್ಫೇಟ್ ಬಿಡುತ್ತಾ ಹೋದಂತೆ ಕಂದು ಇಳಿದು ಹುಲ್ಲಿನ ಹಳದಿಗೆ ಬಂದಾಗ ಎರಡು ಹನಿ ಸ್ಟಾರ್ಚ್ ಇಂಡಿಕೇಟರ್ ಹಾಕಿ, ಕಡುನೀಲಿ ಏಳುತ್ತದೆ, ಇನ್ನು ಹನಿ ಹನಿಯಾಗಿ ಬಿಟ್ಟರೆ ಒಂದು ಹನಿಗೆ ನೀಲಿ ಪೂರ್ತಿ ಮಾಯವಾಗುತ್ತದೆ. ಒಂದು ಮಿ.ಲೀ. ಥಯೋಸಲ್ಫೇಟ್ ಅಂದರೆ 3.546 ಮಿ.ಗ್ರಾಂ ಕ್ಲೋರಿನ್. 13.5 ಮಿ.ಲೀ. ಹಿಡಿದರೆ ನಿಮ್ಮ ಹೈಪೊ ಲೀಟರಿಗೆ 120 ಗ್ರಾಂ, 11.8ಕ್ಕೆ ನಿಂತರೆ 105. ಅಸಿಟಿಕ್ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಕೈಗೆ ಸಿಕ್ಕಿತೆಂದು ಜೋರಾಗಿ ಸುರಿಯಬೇಡಿ. ಬಲವಾದ ಆಸಿಡ್‌ನಲ್ಲಿ, ಹೈಪೊ ಒಡೆದು ಹುಟ್ಟಿದ ಕ್ಲೋರೇಟ್ ಕೂಡ ಅಯೊಡೈಡಿನ ಜೊತೆ ಸೇರಿಕೊಂಡು, ಸತ್ತ ಹೈಪೊ ಬದುಕಿದಂತೆ ತೋರುತ್ತದೆ.

ಪ್ರತಿ ಶಿಫ್ಟಿನ ಆರಂಭದಲ್ಲಿ ಈ ಟೆಸ್ಟ್ ಆಗಬೇಕು, ಡೋಸನ್ನು ಲೀಟರಿನಲ್ಲಿ ಬರೆಯದೆ ಕ್ಲೋರಿನ್ ಕೆ.ಜಿ.ಯಲ್ಲಿ ಬರೆಯಬೇಕು. ಬೋರ್ಡಿನ ಮೇಲೆ ‘1,667 ಲೀಟರ್’ ಎಂದಿದ್ದರೆ ಆಪರೇಟರ್ ಲೀಟರ್ ನೋಡುತ್ತಾನೆ, ‘200 ಕೆ.ಜಿ. ಕ್ಲೋರಿನ್’ ಎಂದಿದ್ದರೆ ಇವತ್ತಿನ ಹೈಪೊ ಎಷ್ಟು ಎಂದು ಕೇಳಿಯೇ ಕೇಳುತ್ತಾನೆ. ಹಳೆಯ ಹೈಪೊ ಉಳಿದ ಟ್ಯಾಂಕಿನ ಮೇಲೆ ಹೊಸದನ್ನು ಇಳಿಸಿದರೆ ಸರ್ಕ್ಯುಲೇಶನ್ ಪಂಪ್ ಓಡಿಸಿ ಬೆರೆಸಿದ ಮೇಲೆಯೇ ಸ್ಯಾಂಪಲ್ ತೆಗೆಯಿರಿ.

ರಿಯಾಕ್ಟರಿನಲ್ಲಿ ಸ್ಟಾರ್ಚ್ ಎಷ್ಟಿತ್ತು

ಕ್ಲೋರಿನ್ ಸರಿಯಿದ್ದರೂ ಸ್ಟಾರ್ಚಿನ ಲೆಕ್ಕ ತಪ್ಪಿದರೆ ಶೇಕಡಾವಾರು ತಪ್ಪುತ್ತದೆ. ಸ್ಲರಿಯ ಗಟ್ಟಿತನವನ್ನು ಬೋಮೆ ಮೀಟರಿನಿಂದ ನೋಡುತ್ತೇವೆ. ಒಂದು ಬೋಮೆಗೆ ಸುಮಾರು ಶೇ. 1.78 ಒಣ ಸ್ಟಾರ್ಚ್ ಎಂಬುದು ವಾಡಿಕೆಯ ಲೆಕ್ಕ. 23 ಘನಮೀಟರ್ ಸ್ಲರಿ 21 ಬೋಮೆಯಲ್ಲಿದ್ದರೆ ಸುಮಾರು 10 ಟನ್, 22ರಲ್ಲಿದ್ದರೆ 10.6 ಟನ್. ಒಂದೇ ಗೀಟಿನ ವ್ಯತ್ಯಾಸಕ್ಕೆ ಆರು ಕ್ವಿಂಟಲ್. ಮೀಟರ್ ಯಾವ ಉಷ್ಣತೆಗೆ ಗುರುತು ಹಾಕಿದ್ದು ಎಂಬುದನ್ನು ನೋಡಿ, ಬಿಸಿ ಸ್ಲರಿಗೆ ತಿದ್ದುಪಡಿ ಹಾಕಿ. ಸ್ಲರಿ ಅಳೆಯುವ ಜಾಡಿಯಲ್ಲಿ ಸ್ಟಾರ್ಚ್ ನಿಮಿಷದೊಳಗೆ ಇಳಿಯಲು ಶುರುವಾಗುತ್ತದೆ; ತುಂಬಿದ ಕೂಡಲೇ ಕಲಕಿ ಓದಬೇಕು. ಅನುಮಾನವಿದ್ದರೆ ಬೋಮೆ ಬಿಟ್ಟು ತೂಕ ಮಾಡಿ, ಓವನ್ನಿನಲ್ಲಿ ಒಣಗಿಸಿ ಘನಾಂಶ ತೆಗೆಯಿರಿ.

ಪಿಎಚ್ ಜಾರಿದರೆ

ವೇಗ, ಗುಣ ಎರಡನ್ನೂ ಪಿಎಚ್ ತೀರ್ಮಾನಿಸುತ್ತದೆ. ಹೈಪೊ ಸ್ಟಾರ್ಚನ್ನು ಮುಟ್ಟುತ್ತಿದ್ದಂತೆ ಆಮ್ಲಗಳು ಹುಟ್ಟುತ್ತವೆ, ಪಿಎಚ್ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ತೆಳು ಕಾಸ್ಟಿಕ್ ಸೋಡಾ ದ್ರಾವಣ ಬಿಡುತ್ತಾ ಅದನ್ನು ಹಿಡಿದಿಡಬೇಕು. ಕಾಸ್ಟಿಕ್ ಟ್ಯಾಂಕ್ ಖಾಲಿಯಾಗಿ ಪಿಎಚ್ 7ರ ಹತ್ತಿರ ಬಂತೆಂದರೆ ಆಕ್ಸಿಡೇಶನ್ ವೇಗ ಜಿಗಿಯುತ್ತದೆ. ಸರಪಳಿ ಬೇಕಾದದ್ದಕ್ಕಿಂತ ಹೆಚ್ಚು ತುಂಡಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕಾರ್ಬಾಕ್ಸಿಲ್ ಆಗಬೇಕಾದ ಕಡೆ ಕಾರ್ಬೋನಿಲ್ ಹೆಚ್ಚಾಗಿ ಉಳಿಯುತ್ತದೆ. ಅಂಥ ಸ್ಟಾರ್ಚ್ ಕ್ಷಾರ ಕಂಡರೆ ಇನ್ನಷ್ಟು ಒಡೆಯುತ್ತದೆ, ಬೇಯಿಸಿದಾಗ ಹಳದಿಗೆ ತಿರುಗುತ್ತದೆ, ಗಂಜಿ ಆರಿಟ್ಟಾಗ ಬೇಗ ಗಟ್ಟಿಯಾಗುತ್ತದೆ. ಇದು ಲ್ಯಾಬಿನಲ್ಲಿ ಬಿಸಿ ಗಂಜಿಯ ವಿಸ್ಕಾಸಿಟಿ ನೋಡಿದರೆ ಕಾಣದು. ಹಾಗಾಗಿ ‘ವಿಸ್ಕಾಸಿಟಿ ಪಾಸ್, ಆದರೆ ಗ್ರಾಹಕ ಬೈಯುತ್ತಿದ್ದಾನೆ’ ಎಂಬ ಬ್ಯಾಚುಗಳ ಪಿಎಚ್ ಚಾರ್ಟನ್ನು ತೆಗೆದು ನೋಡಬೇಕು. ನಡುವೆ ಎಲ್ಲೋ ಒಂದು ಗುಂಡಿ ಸಿಗುತ್ತದೆ.

ಇನ್ನೊಂದು ಕಡೆಗೆ ಜಾರಿ 10.5 ದಾಟಿದರೆ ಪ್ರತಿಕ್ರಿಯೆ ತೂಕಡಿಸುತ್ತದೆ. ಸಮಯ ಮುಗಿಯಿತೆಂದು ಮೆಟಾ ಕೊಟ್ಟರೆ ಮಿಕ್ಕ ಕ್ಲೋರಿನ್ನೆಲ್ಲ ವ್ಯರ್ಥ, ಗಂಜಿ ದಪ್ಪ.

ಚಾರ್ಟ್ ನೇರ ಗೆರೆ ತೋರಿಸುತ್ತಿದ್ದರೂ ಎಲೆಕ್ಟ್ರೋಡನ್ನು ನಂಬುವ ಮೊದಲು ಹೊರತೆಗೆದು ನೋಡಿ. ಸ್ಟಾರ್ಚ್, ಪ್ರೋಟೀನ್ ಸೇರಿ ಗಾಜಿನ ಗುಂಡಿನ ಮೇಲೆ ಬೆಳ್ಳನೆ ಪೊರೆ ಕಟ್ಟಿರುತ್ತದೆ, ಕೈಬೆರಳಿಗೆ ಜಾರುತ್ತದೆ. ಆ ಪೊರೆಯ ಹಿಂದೆ ಕೂತ ಎಲೆಕ್ಟ್ರೋಡ್ ನಿಧಾನವಾಗಿ ಓದುತ್ತದೆ, ಕಾಸ್ಟಿಕ್ ವಾಲ್ವ್ ತಡವಾಗಿ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ತೆಳು ಆಸಿಡ್‌ನಲ್ಲಿ ತೊಳೆದು ಬಫರ್ 7 ಮತ್ತು 10ರಲ್ಲಿ ಕ್ಯಾಲಿಬ್ರೇಟ್ ಮಾಡಿ. 4 ಮತ್ತು 7ರಲ್ಲಿ ಮಾಡಿ 9ರ ಹತ್ತಿರ ಕೆಲಸ ಮಾಡುವುದು ತಪ್ಪು ಪದ್ಧತಿ, ಆದರೂ ಬಹಳ ಕಡೆ ನಡೆಯುತ್ತದೆ.

ಉಷ್ಣತೆಯ ಮಾತೂ ಇದರ ಜೊತೆಗೇ. ಈ ಪ್ರತಿಕ್ರಿಯೆ ತಾನೇ ಶಾಖ ಬಿಡುತ್ತದೆ. ಬೇಸಿಗೆಯಲ್ಲಿ ಕೂಲಿಂಗ್ ಟವರ್ ನೀರೇ 30 ಡಿಗ್ರಿ ಇರುವಾಗ, ಚಳಿಗಾಲದಲ್ಲಿ ಬಿಟ್ಟ ವೇಗದಲ್ಲೇ ಹೈಪೊ ಬಿಟ್ಟರೆ ರಿಯಾಕ್ಟರ್ 45 ದಾಟುತ್ತದೆ. ಆಗ ಬಿಡುವ ವೇಗ ಕಡಿಮೆ ಮಾಡಬೇಕೇ ಹೊರತು ಒಟ್ಟು ಡೋಸನ್ನಲ್ಲ.

ಹಾದಿಯಲ್ಲಿ ಕ್ಲೋರಿನ್ ತಿನ್ನುವವರು

ಮೆಕ್ಕೆಜೋಳವನ್ನು ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಒಂದೂವರೆ–ಎರಡು ದಿನ ನೆನೆಹಾಕುತ್ತೇವೆ. ಅದರ ಅಂಶ ಸ್ಲರಿಯ ಜೊತೆ ಬರುತ್ತದೆ. ಒಂದು ಕೆ.ಜಿ. ಸಲ್ಫರ್ ಡೈಆಕ್ಸೈಡ್ 1.1 ಕೆ.ಜಿ. ಕ್ಲೋರಿನ್ ತಿನ್ನುತ್ತದೆ. ಆದರೆ ಎಲ್ಲಕ್ಕೂ ಇದನ್ನೇ ದೂರುವ ಮೊದಲು ಲೆಕ್ಕ ಮಾಡಿ. ಚೆನ್ನಾಗಿ ತೊಳೆದ ಸ್ಟಾರ್ಚಿನಲ್ಲಿ ಕೆ.ಜಿ.ಗೆ 50 ಮಿ.ಗ್ರಾಂ ಇದ್ದರೆ 10 ಟನ್ನಿಗೆ ಅರ್ಧ ಕೆ.ಜಿ. ಮಾತ್ರ, 200 ಕೆ.ಜಿ. ಕ್ಲೋರಿನ್ ಎದುರು ಅದು ಲೆಕ್ಕಕ್ಕಿಲ್ಲ. ಕಾಳು ನೆನೆಸಿ ಅರೆದು ಸ್ಟಾರ್ಚ್ ಬೇರ್ಪಡಿಸುವ ವೆಟ್ ಮಿಲ್ಲಿನ ಪ್ರೋಸೆಸ್ ನೀರಿನಲ್ಲೇ ಸ್ಲರಿ ಕಲಸಿ, ಆ ನೀರಿನಲ್ಲಿ ಶೇ. 0.05 ಇದ್ದರೆ ಮಾತ್ರ ಮಾತು ಬೇರೆ: ಸುಮಾರು 17 ಟನ್ ನೀರಿನಲ್ಲಿ ಎಂಟೂವರೆ ಕೆ.ಜಿ., ಅದು ಒಂಬತ್ತು ಕೆ.ಜಿ.ಗೂ ಹೆಚ್ಚು ಕ್ಲೋರಿನ್ ನುಂಗುತ್ತದೆ. ಡೋಸಿನ ಶೇ. 5ರಷ್ಟು ಹೋಯಿತು.

ಪ್ರೋಟೀನ್ ಇದಕ್ಕಿಂತ ಮೊಂಡು. ಒಳ್ಳೆಯ ಮೆಕ್ಕೆಜೋಳದ ಸ್ಟಾರ್ಚಿನಲ್ಲಿ ಶೇ. 0.3–0.4 ಪ್ರೋಟೀನ್ ಇರುತ್ತದೆ. ಹೈಪೊ ಸ್ಟಾರ್ಚಿಗಿಂತ ಮೊದಲು ಅದರ ಮೇಲೆ ಬೀಳುತ್ತದೆ. ಮುಂಗಾರಿನ ಬೆಳೆ ಒದ್ದೆಯಾಗಿ ಮಾರುಕಟ್ಟೆಗೆ ಬಂದಾಗ ಆತುರದಲ್ಲಿ 60 ಡಿಗ್ರಿಗೂ ಮೀರಿದ ಬಿಸಿ ಗಾಳಿಯಲ್ಲಿ ಒಣಗಿಸಿದ ಕಾಳಿದ್ದರೆ ಅದರ ಪ್ರೋಟೀನ್ ಬಿರುಸಾಗಿ ಸ್ಟಾರ್ಚಿಗೆ ಅಂಟಿಕೊಳ್ಳುತ್ತದೆ, ಸುಳಿಯ ಬಲದಿಂದ ಸ್ಟಾರ್ಚ್ ತೊಳೆಯುವ ಹೈಡ್ರೋಸೈಕ್ಲೋನಿನಲ್ಲಿ ಸರಿಯಾಗಿ ಬೇರೆಯಾಗುವುದಿಲ್ಲ. ಹೊಸ ಲಾಟ್ ಜೋಳ ಶುರುವಾದ ದಿನವೇ ಗಂಜಿ ದಪ್ಪವಾಗತೊಡಗಿದರೆ, ಸ್ಟಾರ್ಚಿನ ಪ್ರೋಟೀನ್ ರಿಪೋರ್ಟ್ ತರಿಸಿ. ಪರಿಹಾರ ವೆಟ್ ಮಿಲ್ಲಿನ ತೊಳೆತದಲ್ಲಿದೆ. ಅಲ್ಲಿಯವರೆಗೆ ಡೋಸ್ ಸ್ವಲ್ಪ ಹೆಚ್ಚಿಸಬೇಕಾದೀತು. ಹೆಚ್ಚಿಸಿದ್ದರ ಕಾರಣವನ್ನೂ ಲಾಟ್ ಸಂಖ್ಯೆಯನ್ನೂ ಲಾಗ್‌ಶೀಟಿನಲ್ಲಿ ಬರೆದಿಡಿ, ಆ ಲಾಟ್ ಮುಗಿದ ದಿನ ಡೋಸ್ ಹಿಂದಕ್ಕೆ ಬರಬೇಕು.

ನೀಲಿ ಕಣ, ಬಿಳಿ ಕಣ

ಎಲ್ಲ ಅಂಕಿಗಳೂ ಸರಿ, ಆದರೂ ಗಂಜಿ ದಪ್ಪ, ಜೊತೆಗೆ ಗಂಜಿಯಲ್ಲಿ ಒಂದು ಬಗೆಯ ತರಿತರಿ. ಆಗ ಸೂಕ್ಷ್ಮದರ್ಶಕ ತೆಗೆಯಿರಿ. ಪುಡಿಯನ್ನು ತೆಳು ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಕೆಲವು ನಿಮಿಷ ಕದಡಿಟ್ಟು, ನೀರಿನಲ್ಲಿ ಎರಡು ಸಲ ತೊಳೆದು, ಒಂದು ಹನಿಯನ್ನು ಸ್ಲೈಡಿಗೆ ಹಾಕಿ. ಕಾರ್ಬಾಕ್ಸಿಲ್ ಕೂತ ಕಣ ಋಣ ವಿದ್ಯುದಂಶ ಹೊತ್ತಿರುವುದರಿಂದ ಬಣ್ಣ ಹಿಡಿದು ನೀಲಿಯಾಗುತ್ತದೆ. ಸಾದಾ ಸ್ಟಾರ್ಚ್ ಬಣ್ಣವಿಲ್ಲದೆ ಪಾರದರ್ಶಕವಾಗಿ ಉಳಿಯುತ್ತದೆ. ಸರಿಯಾದ ಬ್ಯಾಚಿನಲ್ಲಿ ಎಲ್ಲ ಕಣಗಳೂ ಹೆಚ್ಚುಕಡಿಮೆ ಒಂದೇ ನೀಲಿ. ಕಡುನೀಲಿಯ ನಡುವೆ ಅಲ್ಲಲ್ಲಿ ಬಣ್ಣವೇ ಇಲ್ಲದ ಕಣಗಳು ಕಂಡರೆ ಎರಡು ಕಾರಣಗಳು: ಸೈಲೋದಲ್ಲಿ ಸಾದಾ ಸ್ಟಾರ್ಚ್ ಬೆರೆತಿದೆ, ಅಥವಾ ರಿಯಾಕ್ಟರಿನಲ್ಲಿ ಒಂದಷ್ಟು ಸ್ಟಾರ್ಚಿಗೆ ಹೈಪೊ ತಲುಪಿಲ್ಲ. ರಿಯಾಕ್ಟರ್ ಸ್ಯಾಂಪಲಿನಲ್ಲೂ ಬಣ್ಣವಿಲ್ಲದ ಕಣ ಇದ್ದರೆ ಎರಡನೆಯದೇ ಕಾರಣ.

ಕರೆಂಟ್ ಹೋಗಿ ಅಜಿಟೇಟರ್ ಹತ್ತಿಪ್ಪತ್ತು ನಿಮಿಷ ನಿಂತರೆ ಸ್ಟಾರ್ಚ್ ತಳದಲ್ಲಿ ಗಾರೆಯ ಹಾಗೆ ಕೂರುತ್ತದೆ. ಮತ್ತೆ ಶುರುವಾದಾಗ ಬ್ಲೇಡ್ ಮೇಲಿನದನ್ನಷ್ಟೇ ಕಲಕುತ್ತದೆ. ಕಲಕಿದ ಭಾಗ ಅತಿಯಾಗಿ ಆಕ್ಸಿಡೈಸ್ ಆಗುತ್ತದೆ, ತಳದ್ದು ಹಸಿಯಾಗೇ ಉಳಿಯುತ್ತದೆ. ಬೆರೆತ ಮೇಲೆ ಸರಾಸರಿ ಅಂಕಿ ಕೆಲವೊಮ್ಮೆ ಪಾಸೂ ಆಗುತ್ತದೆ. ಗ್ರಾಹಕರ ಮಿಲ್ಲಿನಲ್ಲಿ ಅದು ತೊಂದರೆ ಕೊಡದೆ ಬಿಡುವುದಿಲ್ಲ. ಲಾಗ್‌ಶೀಟಿನಲ್ಲಿ ಕರೆಂಟ್ ಹೋದ ಸಮಯ ಬರೆಯುವ ಕಾಲಂ ಇಲ್ಲದಿದ್ದರೆ ಇಂದೇ ಸೇರಿಸಿ.

ಸ್ಲರಿಯೇ ದಪ್ಪವಾದರೆ

ಇದು ಬೇರೆಯೇ ದೋಷ: ಬೇಯಿಸುವ ಮುಂಚೆ, ರಿಯಾಕ್ಟರಿನೊಳಗೇ ಸ್ಲರಿ ಗಟ್ಟಿಯಾಗಿ, ಅಜಿಟೇಟರಿನ ಆಂಪ್ಸ್ ಏರಿ, ಸೆಂಟ್ರಿಫ್ಯೂಜ್ ನೀರು ಬಿಡದೆ ಒದ್ದಾಡುತ್ತದೆ. ಕಣಗಳು ಉಬ್ಬಿವೆ ಎಂದರ್ಥ. ಗಟ್ಟಿ ಕಾಸ್ಟಿಕ್ ಒಂದೇ ಕಡೆ ಬಿದ್ದಿದೆ, ಅಥವಾ ಜಾಕೆಟ್ಟಿಗೆ ಹಬೆ ಬಿಟ್ಟಿದ್ದಾರೆ. ಸಾದಾ ನೀರಿನಲ್ಲಿ ಮೆಕ್ಕೆಜೋಳದ ಸ್ಟಾರ್ಚ್ 62 ಡಿಗ್ರಿಯ ನಂತರ ಬೇಯತೊಡಗುತ್ತದೆ, ಆದರೆ ಬಲವಾದ ಕ್ಷಾರದಲ್ಲಿ ಆ ಮಿತಿ ಬಹಳ ಕೆಳಗಿಳಿಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಗಟ್ಟಿ ಕಣದ ಮೇಲೆ ಶಿಲುಬೆಯಂಥ ಕಪ್ಪು ಗುರುತು ಕಾಣುತ್ತದೆ. ಉಬ್ಬಿದ ಕಣದಲ್ಲಿ ಅದು ಅಳಿಸಿರುತ್ತದೆ. ಕಾಸ್ಟಿಕನ್ನು ಶೇ. 3–4ಕ್ಕೆ ತೆಳುಮಾಡಿ, ಬ್ಲೇಡಿನ ಹತ್ತಿರ, ಸುಳಿ ಇರುವಲ್ಲಿ ಬಿಡಿ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ಮೆಟಾ ಮೊದಲು, ಆಸಿಡ್ ಆಮೇಲೆ

ಒಂದು ಕೆ.ಜಿ. ಕ್ಲೋರಿನ್ ಕೊಲ್ಲಲು 1.34 ಕೆ.ಜಿ. ಸೋಡಿಯಂ ಮೆಟಾಬೈಸಲ್ಫೈಟ್ ಬೇಕು. ಟೈಟ್ರೇಶನ್ ಅಂಕಿ ನೋಡಿ ಅಷ್ಟೇ ಕೊಡಿ, ಅಂದಾಜಿನ ಒಂದು ಚೀಲ ಬೇಡ. ಕ್ಲೋರಿನ್ ಉಳಿದಿರುವಾಗ ಪಿಎಚ್ ಇಳಿಸಲು ಆಸಿಡ್ ಬಿಟ್ಟರೆ ಹೈಪೊ ಒಡೆದು ಕ್ಲೋರಿನ್ ಅನಿಲ ಏಳುತ್ತದೆ. ಮ್ಯಾನ್‌ಹೋಲ್ ಹತ್ತಿರ ನಿಂತವರ ಪ್ರಾಣಕ್ಕೇ ಅಪಾಯ. ಮೆಟಾ ಕೂಡ ಕೆಲಸ ಮಾಡುವಾಗ ಆಮ್ಲ ಹುಟ್ಟಿಸುತ್ತದೆ, ಆದ್ದರಿಂದ ಅದನ್ನೂ ಪಿಎಚ್ 8ರ ಮೇಲೆ ಇದ್ದಾಗಲೇ, ನಿಧಾನವಾಗಿ ಬಿಡಬೇಕು. ಸ್ಟಾರ್ಚ್–ಅಯೊಡೈಡ್ ಕಾಗದ ನೀಲಿಯಾಗುವುದು ನಿಂತ ಮೇಲೆ ಮಾತ್ರ ಆಸಿಡ್ ವಾಲ್ವ್. ಮೂಗು ಹಿಡಿದು ಪರೀಕ್ಷೆ ಮಾಡುವ ಪದ್ಧತಿ ಇರುವ ಕಡೆ ಅದನ್ನು ಇವತ್ತೇ ನಿಲ್ಲಿಸಿ.

ಪುಡಿಗೆ ಈಜುಕೊಳದ ವಾಸನೆ ಇದ್ದರೆ ಮೆಟಾ ಸಾಲಲಿಲ್ಲ. ಗಂಧಕದ ಘಾಟು ಇದ್ದರೆ ಹೆಚ್ಚಾಯಿತು. ಪುಡಿ ಬೂದಿಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಅಂಶ ನೋಡಿ, ಹಳದಿಯಾದರೆ ಪ್ರೋಟೀನ್ ಮತ್ತು ಮೇಲೆ ಹೇಳಿದ ಪಿಎಚ್ ಗುಂಡಿ.

ಮಿಲ್ಲಿನಲ್ಲಿ ಮಾತ್ರ ತೊಂದರೆ

ನಮ್ಮಲ್ಲಿ ಪಾಸ್, ಗ್ರಾಹಕರ ಮಿಲ್ಲಿನಲ್ಲಿ ಫೇಲ್ ಎಂದಾಗ ಅವರು ಬೇಯಿಸುವ ನೀರು, ಬೇಯಿಸಿದ ಉಷ್ಣತೆ, ಗಂಜಿ ಇಟ್ಟ ಟ್ಯಾಂಕಿನ ಉಷ್ಣತೆ ಮೂರನ್ನೂ ಕೇಳಿ. ಗಂಜಿಯ ಟ್ಯಾಂಕ್ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ನಿಂತರೆ ಅಮೈಲೋಸ್ ಒಟ್ಟುಗೂಡಿ ದಪ್ಪವಾಗುತ್ತದೆ. ಇನ್ನೂ ತಣ್ಣಗಿದ್ದು, ಟ್ಯಾಂಕ್ ತೊಳೆದೇ ಇಲ್ಲದಿದ್ದರೆ ಬ್ಯಾಕ್ಟೀರಿಯಾದ ಅಮೈಲೇಸ್ ಗಂಜಿಯನ್ನು ನೀರು ಮಾಡುತ್ತದೆ, ಹುಳಿ ವಾಸನೆಯೂ ಬರುತ್ತದೆ. ಸಾಧ್ಯವಿದ್ದರೆ ಅವರ ಟ್ಯಾಂಕಿನ ಪಕ್ಕದಲ್ಲಿ ನಿಂತು ಅವರ ನೀರಿನಲ್ಲೇ ಒಂದು ಬೀಕರ್ ಬೇಯಿಸಿ ತೋರಿಸಿ. ಫೋನಿನಲ್ಲಿ ವಾರ ಹಿಡಿಯುವ ಮಾತು ಅಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಔಟ್ ಆದ ಬ್ಯಾಚನ್ನು ಏನು ಮಾಡುವುದು

ದಪ್ಪ ಬಂದದ್ದು ಇನ್ನೂ ರಿಯಾಕ್ಟರಿನಲ್ಲಿದ್ದು ಮೆಟಾ ಬಿದ್ದಿಲ್ಲದಿದ್ದರೆ, ಪಿಎಚ್ ಮತ್ತು ಉಷ್ಣತೆ ಸರಿಮಾಡಿ ಸಮಯ ಕೊಡಿ. ಕ್ಲೋರಿನ್ ನಿಜವಾಗಿಯೂ ಮುಗಿದಿದೆ ಎಂದು ಟೈಟ್ರೇಶನ್ ಹೇಳಿದರೆ ಮಾತ್ರ ಲೆಕ್ಕ ಹಾಕಿದಷ್ಟು ಹೈಪೊ ಸೇರಿಸಿ. ಮೆಟಾ ಬಿದ್ದ ಮೇಲೆ ಹೈಪೊ ಸೇರಿಸಿದರೆ ಹೆಚ್ಚಾಗಿ ಉಳಿದ ಮೆಟಾ ಮೊದಲು ಅದನ್ನು ತಿನ್ನುತ್ತದೆ. ಒಣಗಿದ ಪುಡಿಯಾದರೆ ಬ್ಲೆಂಡ್ ಮಾಡಬಹುದು, ಆದರೆ ದಪ್ಪ–ತೆಳುಗಳ ಸರಾಸರಿ ಸರಳ ಗಣಿತದಂತೆ ಬರುವುದಿಲ್ಲ, ಆದ್ದರಿಂದ ಲ್ಯಾಬಿನಲ್ಲಿ ಎರಡು ಮೂರು ಪ್ರಮಾಣದಲ್ಲಿ ಬೇಯಿಸಿ ನೋಡಿಯೇ ಸೈಲೋ ತೆರೆಯಬೇಕು. ಸ್ಪೆಸಿಫಿಕೇಶನ್ನಿಗೆ ಹತ್ತಿರವಿರುವ ಬ್ಯಾಚುಗಳನ್ನಷ್ಟೇ ಬೆರೆಸಿ. ಪಿಎಚ್ ಜಾರಿ ಕಾರ್ಬೋನಿಲ್ ತುಂಬಿದ ಬ್ಯಾಚನ್ನು, ಕಣ ಉಬ್ಬಿದ ಬ್ಯಾಚನ್ನು ಕಾಗದದ ಮೇಲ್ಮೈ ಸೈಜಿಂಗಿಗೆ ಹೋಗುವ ಮಾಲಿಗೆ ಸೇರಿಸಬೇಡಿ; ಬೇರೆ ಚೀಲಕ್ಕೆ ತುಂಬಿ, ಬೇರೆ ಚೀಟಿ ಹಚ್ಚಿ, ಬಣ್ಣ, ಸ್ಥಿರತೆ ಎರಡನ್ನೂ ಕೇಳದ ಕೆಳದರ್ಜೆಯ ಅಂಟಿನ ಬಳಕೆಗೆ, ದೋಷ ಏನೆಂದು ತಿಳಿಸಿಯೇ ಕೊಡಿ.